ನಿಮಗಿದು ಗೊತ್ತೇ? ಚಟಗಳು ಕೂಡಿಯೇ ಬರುತ್ತವೆ

● ನೂರು ಮಕ್ಕಳಲ್ಲಿ 30 ಮಂದಿ ಆಟವಾಡುವುದಿಲ್ಲ, 30 ಮಂದಿ ನಿದ್ದೆಗೆಡುತ್ತಾರೆ, 30 ಮಂದಿ ತಿಂಡಿ ಬಿಡುತ್ತಾರೆ ಅಂದುಕೊಳ್ಳಿ. ಇವಕ್ಕೆ ಒಂದಕ್ಕೊಂದು ನಂಟಿಲ್ಲದಿದ್ದರೆ ಮೂರೂ ಇರುವವರು ನೂರಕ್ಕೆ ಮೂವರೂ ಸಿಗಬಾರದು. ಸಮೀಕ್ಷೆಗೆ ಹೋದವರಿಗೆ ಸಾಮಾನ್ಯವಾಗಿ ಇಂಥ ಲೆಕ್ಕಕ್ಕಿಂತ ಹೆಚ್ಚೇ ಸಿಗುತ್ತಾರೆ.

● ಫಿನ್ಲೆಂಡಿನಲ್ಲಿ 16 ವರ್ಷದ ಅವಳಿಗಳನ್ನು ವಿಚಾರಿಸಿದಾಗ, ಬೆಳಗಿನ ತಿಂಡಿ ಬಿಡುವವರಲ್ಲಿ ಸಿಗರೇಟು ಸೇದುವವರೂ ಮೈ ಬಗ್ಗಿಸದವರೂ ಹೆಚ್ಚಿದ್ದರು. ಮಗು ತಿಂಡಿ ತಿನ್ನುತ್ತದೋ ಇಲ್ಲವೋ ಎಂಬುದಕ್ಕೆ ಸಿಕ್ಕ ಅತಿ ಬಲವಾದ ಸುಳಿವು, ಅಪ್ಪ ಅಮ್ಮ ತಿನ್ನುತ್ತಾರೋ ಇಲ್ಲವೋ ಎಂಬುದು. ಬರೀ ಕಾಫಿ ಕುಡಿದು ಬಸ್ಸು ಹಿಡಿಯುವವರು ಗಮನಿಸಿ.

● 13ರಿಂದ 18ರ ವಯಸ್ಸಿಗೆ ಬೇಕಾದ ನಿದ್ದೆ 8ರಿಂದ 10 ಗಂಟೆ. ನಿದ್ದೆ ಕೆಟ್ಟರೆ ಹಸಿವು ಕೆರಳಿಸುವ ಹಾರ್ಮೋನು ಗ್ರೆಲಿನ್ ಏರಿ, ಸಾಕೆನ್ನಿಸುವ ಹಾರ್ಮೋನು ಲೆಪ್ಟಿನ್ ಇಳಿಯುವುದನ್ನು 2004ರಲ್ಲಿ ಷಿಕಾಗೊದಲ್ಲಿ ಯುವಕರ ಮೇಲೆ ನಡೆದ ಪ್ರಯೋಗ ತೋರಿಸಿತು. ನಡುರಾತ್ರಿ ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಚಿಪ್ಸು ಇರುವುದು ಸುಮ್ಮನೆ ಅಲ್ಲ.

● ಆಟಗಾರರೆಲ್ಲ ಪರದೆಯಿಂದ ದೂರವೇ? ಇಲ್ಲ. ಸಂಜೆ ಮೈದಾನ, ರಾತ್ರಿ ಗಂಟೆಗಟ್ಟಲೆ ಗೇಮು ಎನ್ನುವ ಬೆರಕೆ ಗುಂಪೂ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣಿಸಿದೆ.

● 2016ರಲ್ಲಿ ಜಗತ್ತಿನ 11–17 ವರ್ಷದವರಲ್ಲಿ ಶೇ. 81 ಮಂದಿ ದಿನಕ್ಕೊಂದು ಗಂಟೆಯೂ ಮೈ ದಂಡಿಸುತ್ತಿರಲಿಲ್ಲ. ದಕ್ಷಿಣ ಕೊರಿಯಾದಲ್ಲಿ ಶೇ. 94, ಭಾರತದಲ್ಲಿ ಸುಮಾರು 74. ಹಿಗ್ಗುವ ಮುನ್ನ ಕೇಳಿ: ನಮ್ಮ ಹುಡುಗರ ಅಂಕಿ ತುಸು ವಾಸಿಯಾಗಿರಲು ಕ್ರಿಕೆಟ್ಟು, ಹುಡುಗಿಯರದ್ದಕ್ಕೆ ಮನೆಗೆಲಸ ಕಾರಣವಿರಬಹುದು ಎಂದರು ತಜ್ಞರು.

● ಕೂಡಿ ಬಂದದ್ದು ಕೂಡಿಯೇ ಹೋಗಬಲ್ಲದು. 1998ರ ಐಸ್ಲೆಂಡಿನಲ್ಲಿ 15–16 ವರ್ಷದವರ ಪೈಕಿ ಶೇ. 42 ಮಂದಿ ಹಿಂದಿನ ತಿಂಗಳಲ್ಲಿ ಒಮ್ಮೆಯಾದರೂ ಅಮಲೇರುವಷ್ಟು ಕುಡಿದಿದ್ದರು, ಶೇ. 23 ಮಂದಿ ದಿನವೂ ಸಿಗರೇಟು ಸೇದುತ್ತಿದ್ದರು. ಅಲ್ಲಿನವರು ಒಂದೊಂದು ಚಟಕ್ಕೆ ಒಂದೊಂದು ಭಾಷಣ ಬಿಗಿಯುವ ಬದಲು ಮಕ್ಕಳ ಸಂಜೆಗೇ ಕೈ ಹಾಕಿದರು. ಕ್ರೀಡೆ, ಸಂಗೀತದ ತರಗತಿಗೆ ಸಹಾಯಧನ ಕೊಟ್ಟರು. ಚಳಿಗಾಲದಲ್ಲಿ 13–16ರವರು ರಾತ್ರಿ 10ರ ಮೇಲೆ ದೊಡ್ಡವರ ಜೊತೆಯಿಲ್ಲದೆ ಹೊರಗಿರುವಂತಿಲ್ಲ ಎಂಬ ಕಟ್ಟಳೆಗೆ ಹೆತ್ತವರೇ ಬೀದಿ ಬೀದಿಯಲ್ಲಿ ಕಾವಲು ನಿಂತರು. 2016ರ ಹೊತ್ತಿಗೆ ಕುಡಿತ ಶೇ. 5ಕ್ಕೆ, ಸಿಗರೇಟು ಶೇ. 3ಕ್ಕೆ ಕುಸಿದವು.

● 2003ರ ಕೇಂದ್ರ ಕಾಯ್ದೆಯಂತೆ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. 2020ರ ನಿಯಮದಂತೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು 50 ಮೀಟರಿನೊಳಗೆ ನಿಷಿದ್ಧ. ಎರಡೂ ನೇತಾಡುವುದು ಒಂದೇ ಗೂಡಂಗಡಿಯಲ್ಲಿ. ಅಳೆಯುವ ಟೇಪು ಮಾತ್ರ ಬೇರೆ ಬೇರೆ.