ಮೊರದಲ್ಲಿ ಒಂದು ಹಿಡಿ ಕಾಳು

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ, ಆಸ್ಪತ್ರೆಯಿಂದ ಯಲ್ದೂರಿಗೆ ವಾಪಸ್ ಬಂದಿದ್ದೀರಾ? ಗಾಯ ಮಾಗಿದರೂ ಗಮನ ನಿಲ್ಲುತ್ತಿಲ್ಲ, ಬೇಗ ಸುಸ್ತು. ಸೋಮಾರಿತನವಲ್ಲ ಇದು, ಮಿದುಳು ಇನ್ನೂ ಚೇತರಿಸಿಕೊಳ್ಳುತ್ತಿದೆ.

ಗಮನ ಬಲಪಡಿಸಲು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರೂಪಿಸಿದ ಅಭ್ಯಾಸಗಳಲ್ಲಿ ಬೆರೆಸಿದ ಕಾಳು ಬೇರೆ ಮಾಡುವುದೂ ಒಂದು. ನಮ್ಮ ಮನೆಗಳಿಗೆ ಇದಕ್ಕಿಂತ ಚೆನ್ನಾಗಿ ಹೊಂದುವಂಥದ್ದನ್ನು ನಾನು ಕಾಣೆ. ವೈದ್ಯರು ಒಪ್ಪಿದ ಮೇಲೆ, ಮೊರದಲ್ಲಿ ಒಂದು ಹಿಡಿ ಅವರೆ, ಅಲಸಂದೆ, ಹುರುಳಿ ಬೆರೆಸಿ. ಟಿವಿ ಬಂದ್ ಮಾಡಿ, ಹತ್ತು ನಿಮಿಷ ಬೇರ್ಪಡಿಸಿ. ಸಲೀಸಾದಾಗ ಇನ್ನೊಂದು ಕಾಳು ಸೇರಿಸಿ. ತಲೆನೋವು ಬಂತೇ? ಅಲ್ಲಿಗೇ ನಿಲ್ಲಿಸಿ, ಮಲಗಿ.

ಮನೆಯವರೇ, ಮೊರ ಕಿತ್ತುಕೊಳ್ಳಬೇಡಿ. ನಿಧಾನವಾದರೂ ಅವರೇ ಮಾಡಲಿ.

ವಾಂತಿ, ಫಿಟ್ಸ್, ಅತಿಯಾದ ಮಂಪರು ಕಂಡರೆ ತಕ್ಷಣ ಆಸ್ಪತ್ರೆಗೆ. ಮರೆವು ಕಾಡುತ್ತಿದ್ದರೆ ಕೋಲಾರ ಜಿಲ್ಲಾಸ್ಪತ್ರೆಯಲ್ಲಿ ಮಿದುಳು ಆರೋಗ್ಯ ಕ್ಲಿನಿಕ್ ಬಗ್ಗೆ ವಿಚಾರಿಸಿ. ನಿಮ್ಹಾನ್ಸ್ ಜೊತೆ ರಾಜ್ಯ ಸರ್ಕಾರ 2022ರಲ್ಲಿ ಶುರುಮಾಡಿದ ಯೋಜನೆ ಅದು.