ಇಂಗ್ಲಿಷು ಕ್ರಿಯಾಪದಗಳ ಭೂತಕೃದಂತ

ಬಾಲಿಕೆಯರ ಮಾತಾಪಿತೃಗಳೂ, ಈಗ ತಾವೇ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಆಗಾಗ್ಗೆ ಕೇಳುವ ಪ್ರಶ್ನೆಯೊಂದುಂಟು: ಇಂಗ್ಲಿಷು ವ್ಯಾಕರಣದಲ್ಲಿ ಭೂತಕೃದಂತವೇ ಮಕ್ಕಳಿಗೆ ಇಷ್ಟು ಕಷ್ಟವೇಕೆ? ಅರ್ಥವನ್ನು ತಿಳಿಸದೆ ಬರಿಯ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದೇ ಇದಕ್ಕೆ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಮೊದಲು ಈ ರೂಪದ ಕೆಲಸವನ್ನು ತಿಳಿಯೋಣ. ಕನ್ನಡದಲ್ಲಿ ‘ಹಾಡಿ’ ಎಂಬುದರೊಡನೆ ‘ಇದ್ದಾಳೆ’ ಎಂಬುದು ಸೇರಿ ‘ಹಾಡಿದ್ದಾಳೆ’ ಎಂದಾಗುವುದಷ್ಟೆ. ಹಾಗೆಯೇ ಇಂಗ್ಲಿಷಿನಲ್ಲಿ ‘ಹ್ಯಾಸ್’ ಎಂಬ ಸಹಾಯಕ ಕ್ರಿಯಾಪದದೊಡನೆ ‘ಸಂಗ್’ ಎಂಬ ಕೃದಂತವು ನಿಂತು ‘ಷೀ ಹ್ಯಾಸ್ ಸಂಗ್’ ಎಂದಾಗುವುದು. ‘ಹಾಡಿದಳು’ ಎನ್ನುವುದಕ್ಕಾದರೋ ‘ಷೀ ಸ್ಯಾಂಗ್’ ಎನ್ನಬೇಕು. ಇವೆರಡನ್ನೂ ಬೆರೆಸಿ ‘ಹ್ಯಾಸ್ ಸ್ಯಾಂಗ್’ ಎನ್ನುವುದು ತಪ್ಪು. ‘ವಾಸ್ ರಿಟನ್’ ಎಂಬಂಥ ಕರ್ಮಣಿ ಪ್ರಯೋಗದಲ್ಲಿಯೂ, ‘ಬ್ರೋಕನ್ ಪಾಟ್’ ಎಂಬಂಥ ವಿಶೇಷಣದಲ್ಲಿಯೂ ಬರುವುದು ಈ ಕೃದಂತವೇ.

ಬಹುಪಾಲು ಕ್ರಿಯಾಪದಗಳು ಕೊನೆಗೆ ಇ, ಡಿ ಎಂಬ ಅಕ್ಷರಗಳನ್ನು ಪಡೆಯುತ್ತವೆ. ಇವುಗಳಲ್ಲಿ ಭೂತಕಾಲಕ್ಕೂ ಕೃದಂತಕ್ಕೂ ರೂಪವು ಒಂದೇ. ಉಚ್ಚಾರವು ಮಾತ್ರ ಮೂರು ಬಗೆ: ಕಾಲ್ಡ್, ವಾಷ್ಟ್, ವಾಂಟೆಡ್.

ಈ ನಿಯಮಕ್ಕೆ ಒಳಪಡದವು ಸುಮಾರು 200 ಇವೆ. ಅವನ್ನು ಅಕ್ಷರಾನುಕ್ರಮದಲ್ಲಿ ಕಲಿಸದೆ ಕುಟುಂಬಗಳಾಗಿ ಕಲಿಸಬೇಕು. ಸಿಂಗ್, ಡ್ರಿಂಕ್, ಸ್ವಿಮ್ ಎಂಬವು ಸ್ವರವನ್ನು ಬದಲಿಸಿ ಸಂಗ್, ಡ್ರಂಕ್, ಸ್ವಮ್ ಎಂದಾಗುವುವು. ಸ್ಪೀಕ್, ಬ್ರೇಕ್ ಎಂಬವು ‘ನ್’ಕಾರಾಂತವಾಗಿ ಸ್ಪೋಕನ್, ಬ್ರೋಕನ್ ಎಂದಾಗುವುವು. ಟೀಚ್, ಬ್ರಿಂಗ್ ಎಂಬವು ಟಾಟ್, ಬ್ರಾಟ್ ಎಂದಾಗುವುವು. ಕಟ್, ಪುಟ್ ಎಂಬವು ಬದಲಾಗುವುದೇ ಇಲ್ಲ.

ಇದನ್ನು ಪರಭಾಷೆಯ ವಕ್ರತೆಯೆಂದು ಹಳಿಯಲಾಗದು. ನಮ್ಮಲ್ಲಿಯೂ ‘ಹಾಡು’ ಎಂಬುದು ‘ಹಾಡಿ’ ಎಂದಾದರೆ, ‘ಕೊಡು’ ಎಂಬುದು ‘ಕೊಟ್ಟು’ ಎಂದೂ ‘ಬರು’ ಎಂಬುದು ‘ಬಂದು’ ಎಂದೂ ಆಗುವುದಿಲ್ಲವೇ? ಇಂಗ್ಲಿಷಿನ ವಿಲಕ್ಷಣ ರೂಪಗಳಲ್ಲಿ ಬಹಳಷ್ಟು ಹಿಂದಿನ ನಿಯಮಗಳ ಅವಶೇಷಗಳೇ. ಅನುದಿನದ ಬಳಕೆಯು ಅವನ್ನು ಕಾಪಾಡಿದೆ. ಕೆಲವು ಅಳಿದೂ ಹೋಗಿವೆ: 1611ರ ಇಂಗ್ಲಿಷು ಬೈಬಲಿನಲ್ಲಿ ‘ಹೆಲ್ಪ್’ ಎಂಬುದರ ಕೃದಂತವಾಗಿ ಕಾಣುವ ‘ಹೋಲ್ಪನ್’ ಎಂಬುದು ಈಗ ‘ಹೆಲ್ಪ್ಟ್’ ಎಂದಾಗಿದೆ.

ಆದುದರಿಂದ ಮಗುವು ‘ಟೀಚ್ಡ್’ ಎಂದರೆ ದಡ್ಡಿಯೆಂದು ಗದರಿಸಬೇಡಿರಿ. ಸಾಮಾನ್ಯ ನಿಯಮವನ್ನು ಅದು ಗ್ರಹಿಸಿದೆಯೆಂಬುದಕ್ಕೆ ಅದೇ ಸಾಕ್ಷಿ. ಸರಿಯಾದ ರೂಪವನ್ನು ಮೆಲ್ಲನೆ ಹೇಳಿಕೊಟ್ಟರೆ ಸಾಕು. ನಗೆಗೆ ಅಂಜಿದ ಬಾಲಿಕೆಯು ತಪ್ಪನ್ನು ಬಿಡುವುದಿಲ್ಲ, ಮಾತನ್ನೇ ಬಿಡುತ್ತಾಳೆ.

ಇಂಗ್ಲಿಷನ್ನರಿಯದ ತಾಯಿಯೂ ಇಲ್ಲಿ ನೆರವಾಗಬಹುದು. ಅಡಿಗೆಯ ಕೆಲಸದ ನಡುವೆ ‘ಬರೆದಳು, ಬರೆದಿದ್ದಾಳೆ’, ‘ಮುರಿದಳು, ಮುರಿದಿದ್ದಾಳೆ’ ಎಂದು ಆಕೆಯು ಕನ್ನಡದಲ್ಲಿ ಹೇಳಲಿ. ಮಗಳು ‘ರೋಟ್, ಹ್ಯಾಸ್ ರಿಟನ್’, ‘ಬ್ರೋಕ್, ಹ್ಯಾಸ್ ಬ್ರೋಕನ್’ ಎಂದು ಉತ್ತರ ಕೊಡಲಿ. ದಿನಕ್ಕೆ 5 ಕ್ರಿಯಾಪದಗಳಾದರೆ 40 ದಿನಗಳಲ್ಲಿ ಆ 200 ಮುಗಿಯುವುವು.