ತೋಳಿಗೆ ಬಲ, ನಡುವಿಗೆ ಭದ್ರತೆ

ತುಂಬಿದ ಕೊಡವನ್ನು ಎತ್ತುವಾಗ, ತೊಗರಿ ಚೀಲವನ್ನು ಸರಿಸುವಾಗ, ಮಗುವನ್ನು ನೆಲದಿಂದ ಎತ್ತಿಕೊಳ್ಳುವಾಗ ‘ಚಳಕ್’ ಎಂದು ಸೊಂಟ ಹಿಡಿದುಕೊಂಡ ಅನುಭವ ನಿಮ್ಮಲ್ಲಿ ಅನೇಕರಿಗೆ ಇರಬಹುದು. ಎತ್ತಿದ್ದು ಕೈ, ನೋವು ಸೊಂಟಕ್ಕೆ! ಇದೇಕೆ ಹೀಗೆ?

ಕೈ ಎತ್ತಿದ ಭಾರ ಬೆನ್ನುಮೂಳೆಯ ಮೂಲಕವೇ ಕಾಲಿಗೆ ಇಳಿಯಬೇಕು. ಆಗ ಹೊಟ್ಟೆ, ಬೆನ್ನು ಹಾಗೂ ಪೃಷ್ಠದ ಸ್ನಾಯುಗಳು ನಡುಪಟ್ಟಿಯಂತೆ ಬಿಗಿದು ಬೆನ್ನುಮೂಳೆಯನ್ನು ಕಾಯುತ್ತವೆ. ಕೈ ಅಲುಗುವ ಮೊದಲೇ ಹೊಟ್ಟೆಯ ಒಳಪದರದ ಸ್ನಾಯು ಬಿಗಿಯುತ್ತದೆಂದೂ, ಸೊಂಟನೋವಿನವರಲ್ಲಿ ಅದು ತಡವಾಗುತ್ತದೆಂದೂ ಆಸ್ಟ್ರೇಲಿಯಾದ ಹಾಡ್ಜಸ್ ಮತ್ತು ರಿಚರ್ಡ್‌ಸನ್ 1996ರಲ್ಲಿ ತೋರಿಸಿದರು. ಆದ್ದರಿಂದ ತೋಳನ್ನಷ್ಟೇ ಬೆಳೆಸಿದರೆ ಸಾಲದು, ನಡುವೂ ಗಟ್ಟಿಯಾಗಬೇಕು.

ಈ ಅರಿವು ನಮ್ಮ ನೆಲಕ್ಕೆ ಹೊಸದಲ್ಲ. ಇಂದಿನ ಬಸವಕಲ್ಯಾಣ ಅಂದು ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಜಟ್ಟಿಗಳ ಸಾಮು, ಆಹಾರಗಳ ವಿವರವಿದೆ. ಭಾರ ಎತ್ತುವುದು, ನಡಿಗೆ, ಈಜು, ತೋಳಿನ ಸಾಮು, ಕಂಬದ ಸಾಮು ಎಲ್ಲವೂ ಅಲ್ಲಿವೆ. ಗರಡಿಯ ದಂಡವನ್ನೇ ನೋಡಿ: ಎದೆ, ಭುಜ, ತೋಳು ದುಡಿಯುವಾಗ ನಡು ಕುಸಿಯದಂತೆ ಹೊಟ್ಟೆಯೂ ದುಡಿಯುತ್ತದೆ. ಹುಮನಾಬಾದಿನ ಮನೆಯಂಗಳದಲ್ಲೂ ಇದನ್ನು ಹಗುರವಾಗಿ ಆರಂಭಿಸಬಹುದು.

ಮನೆಯಲ್ಲೇ ಮಾಡುವ ಐದು ಸಾಮು

ಮೊದಲು ಐದು ನಿಮಿಷ ನಡೆದು, ಭುಜಗಳನ್ನು ತಿರುಗಿಸಿ ಮೈ ಬಿಸಿ ಮಾಡಿಕೊಳ್ಳಿ. ಕಲ್ಲಿನ ನೆಲದ ಮೇಲೆ ಜಮಖಾನೆ ಹಾಸಿಕೊಳ್ಳಿ.

1. ಗೋಡೆ ದಂಡ: ಗೋಡೆಯಿಂದ ಒಂದು ತೋಳಿನಷ್ಟು ದೂರ ನಿಂತು, ಅಂಗೈಗಳನ್ನು ಗೋಡೆಗೂರಿ, ಮೊಣಕೈ ಮಡಚಿ ಎದೆಯನ್ನು ಮುಂದೆ ತನ್ನಿ, ಮತ್ತೆ ಹಿಂದಕ್ಕೆ ತಳ್ಳಿ. ತಲೆಯಿಂದ ಹಿಮ್ಮಡಿಯವರೆಗೆ ದೇಹ ನೇರವಾಗಿರಲಿ. ಸಲೀಸಾದ ಮೇಲೆ ಗಟ್ಟಿ ಕಟ್ಟೆಯ ಮೇಲೆ, ಅನಂತರ ನೆಲದ ಮೇಲೆ ಮಾಡಿ.

2. ಬಾಟಲಿ ಎಳೆತ: ಒಂದು ಲೀಟರ್ ನೀರಿನ ಬಾಟಲಿ ಒಂದು ಕಿಲೋ ತೂಗುತ್ತದೆ. ಒಂದು ಕೈ ಕಟ್ಟೆಗೂರಿ, ಬೆನ್ನು ನೇರವಾಗಿಟ್ಟು ಬಾಗಿ, ಇನ್ನೊಂದು ಕೈಯಿಂದ ಬಾಟಲಿಯನ್ನು ಪಕ್ಕೆಯತ್ತ ಎಳೆಯಿರಿ. ಸೊಂಟ ತಿರುಚಬೇಡಿ.

3. ಮೇಲೆತ್ತುವುದು: ನಿಂತು ಹೊಟ್ಟೆ ಬಿಗಿದು, ಎರಡೂ ಬಾಟಲಿಗಳನ್ನು ಭುಜದಿಂದ ತಲೆಯ ಮೇಲಕ್ಕೆತ್ತಿ. ಸೊಂಟ ಹಿಂದಕ್ಕೆ ಬಾಗದಿರಲಿ.

4. ಕೈ–ಕಾಲು ಚಾಚುವುದು: ಮಂಡಿ, ಅಂಗೈಗಳ ಮೇಲೆ ನಿಂತು ಬಲಗೈಯನ್ನೂ ಎಡಗಾಲನ್ನೂ ನೇರ ಚಾಚಿ. ಐದು ಎಣಿಸಿ, ಬದಲಾಯಿಸಿ.

5. ಹಲಗೆ ಭಂಗಿ: ಮೊಣಕೈ ಹಾಗೂ ಕಾಲ್ಬೆರಳ ಮೇಲೆ ಹಲಗೆಯಂತೆ ನೇರವಾಗಿರಿ. ಮೊದಲು 10 ಸೆಕೆಂಡು ಸಾಕು, ಕಷ್ಟವಾದರೆ ಮಂಡಿಯೂರಿ.

ಮೊದಲ ನಾಲ್ಕನ್ನು 8ರಿಂದ 10 ಸಲ, ಎರಡು ಸುತ್ತು ಮಾಡಿ. ತಳ್ಳುವಾಗ, ಎತ್ತುವಾಗ ಉಸಿರು ಬಿಡಿ. ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಏರುತ್ತದೆ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ದಿನ ಬಿಟ್ಟು ದಿನ ಮಾಡಿದರೆ ಸ್ನಾಯುಗಳಿಗೆ ವಿಶ್ರಾಂತಿಯೂ ದೊರೆಯುತ್ತದೆ. ಬೇಸಿಗೆಯಲ್ಲಿ ಬಿಸಿಲೇರುವ ಮುನ್ನವೇ ಮುಗಿಸಿ.

ಎಚ್ಚರಿಕೆ

ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ, ಹರ್ನಿಯಾ ಇರುವವರು, ಗರ್ಭಿಣಿಯರು, ಹೊಸದಾಗಿ ಬಾಣಂತಿಯಾದವರು, ಶಸ್ತ್ರಚಿಕಿತ್ಸೆಯಾದವರು ಮೊದಲು ವೈದ್ಯರನ್ನು ಕಾಣಿ. ಎದೆನೋವು, ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಿ. ಸೊಂಟನೋವು ಕಾಲಿಗಿಳಿದು ಜೋಮು ಹಿಡಿದರೆ ವೈದ್ಯರಿಗೆ ತೋರಿಸಿ. ಮೂತ್ರ, ಮಲದ ಹತೋಟಿ ತಪ್ಪಿದರೆ ಒಂದು ದಿನವೂ ಕಾಯಬೇಡಿ. ಮೊದಲೆರಡು ದಿನದ ಮೈಕೈ ನೋವು ಮಾತ್ರ ಸಹಜ.

ದುಬಾರಿ ಪುಡಿ, ಡಬ್ಬಿಗಳು ಬೇಕಿಲ್ಲ. ಜೋಳದ ರೊಟ್ಟಿಯೊಂದಿಗೆ ತೊಗರಿ, ಹೆಸರು, ಕಡಲೆ, ಮೊಸರು, ಒಗ್ಗುವವರಿಗೆ ಮೊಟ್ಟೆ ಇದ್ದರೆ ಸಾಕು.

ದಿನವಿಡೀ ದುಡಿಯುವ ನಮಗೆ ಮತ್ತೇಕೆ ವ್ಯಾಯಾಮ ಎನ್ನುವಿರಾ? ದುಡಿಮೆ ಅದೇ ಕೆಲವು ಸ್ನಾಯುಗಳನ್ನು ದಣಿಸುತ್ತದೆ; ಸಾಮು ಉಳಿದವನ್ನೂ ಸಜ್ಜುಗೊಳಿಸುತ್ತದೆ. ನಾಳೆ ಕೊಡ ಎತ್ತುವಾಗ ಮಂಡಿ ಮಡಚಿ, ಹೊಟ್ಟೆ ಬಿಗಿದು, ಕೊಡವನ್ನು ಮೈಗೆ ಹತ್ತಿರ ಹಿಡಿದು ಎತ್ತಿ ನೋಡಿ. ಅದೇ ನಿಮ್ಮ ಮೊದಲ ಪಾಠ.